ಕೆಳಗಿನ ಮೆಟ್ಟಿಲ ಹಾಜರಿ

ಫೆಬ್ರವರಿ ೩

ಅಣ್ಣನಿಗೆ ಗಿಣಿಯ ನಮಸ್ಕಾರ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು "ಹೂಂ, ಹೂಂ, ಸರಿ" ಅಂದು ಇಟ್ಟುಬಿಡುತ್ತೀಯ. ಕಾಗದದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಒಂದು ಪುಟವನ್ನಾದರೂ ತುಂಬಿಸಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಭಾನುವಾರ ನನ್ನನ್ನು ಸಭೆಯಿಂದ ಇಳಿಸಿದರು. ಇಳಿಸಿದರು ಎಂದರೆ ಇಳಿಸಿಯೇ ಬಿಟ್ಟರು, ಮಹಡಿಯಿಂದ ಇಪ್ಪತ್ತೆರಡು ಮೆಟ್ಟಿಲು ಕೆಳಕ್ಕೆ. ಬೇರೆ ಯಾರಾದರೂ ಉಪ್ಪು ಖಾರ ಹಚ್ಚಿ ನಿನಗೆ ಹೇಳುವ ಮುಂಚೆ ನನ್ನ ಬಾಯಿಂದಲೇ ಕೇಳು.

ತಿಂಗಳ ಮೊದಲ ಭಾನುವಾರ ತೀರಿಹೋದ ಸದಸ್ಯರ ಹೆಸರು ಓದುವುದು ನಿನಗೆ ಗೊತ್ತು. ನಿನ್ನ ಭಾವ ಹೋದದ್ದು ಡಿಸೆಂಬರಿನಲ್ಲಿ. ಜನವರಿಯ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಮರೆತಿರಬೇಕು ಎಂದುಕೊಂಡು ಸುಮ್ಮನಾದೆ. ಮೊನ್ನೆಯೂ ಬರಲಿಲ್ಲ. ಓದುತ್ತಿದ್ದವರು ಮೇಷ್ಟ್ರು, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. ಸಭೆ ಕಟ್ಟಿದ ದೊಡ್ಡವರು ತೀರಿಕೊಂಡ ಮೇಲೆ ಇಷ್ಟು ವರ್ಷವೂ ಸಭೆ ನಡೆಸಿಕೊಂಡು ಬಂದವರು ಅವರೇ. ಅವರು ಪಟ್ಟಿ ಮಡಚುವ ಹೊತ್ತಿಗೆ ನಾನು ಎದ್ದು ನಿಂತೆ.

"ಮೇಷ್ಟ್ರೇ, ನಮ್ಮನೆಯವರ ಹೆಸರು ಯಾಕೆ ಓದ್ಲಿಲ್ಲ?"

ಕೋಣೆಯಲ್ಲಿ ಕೂತಿದ್ದ ಎಂಬತ್ತು ಜನವೂ ನನ್ನ ಕಡೆ ತಿರುಗಿದರು. ಮೇಷ್ಟ್ರು ತಮ್ಮ ಬೆನ್ನ ಹಿಂದೆ, ಗೋಡೆಯ ಮೇಲ್ಭಾಗದಲ್ಲಿರುವ ಬೋರ್ಡಿನ ಕಡೆ ಬೆರಳು ತೋರಿಸಿದರು. ಬಿಳಿ ಬೋರ್ಡು, ಕಡುನೀಲಿ ಅಕ್ಷರ: "ಸಭೆ ನಡೆಯುವಾಗ ಯಾರೂ ಪ್ರಶ್ನೆ ಕೇಳಬಾರದು."

ಹಾಜರಿ ಪುಸ್ತಕ ಇಟ್ಟುಕೊಳ್ಳುವವನು ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಅವರಿಗೆ ಹನ್ನೊಂದು ತಿಂಗಳು ಗೈರು ಹಾಜರಿ ಅಕ್ಕ. ಆರು ತಿಂಗಳು ಬರದೇ ಇದ್ರೆ ಸಭೆ ಬಿಟ್ಟವರು ಅಂತ. ಕೂತ್ಕೊಳ್ಳಿ."

ಅಣ್ಣ, ಆ ಹನ್ನೊಂದು ತಿಂಗಳೂ ಅವರು ಬಂದಿದ್ದರು. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ ಮನುಷ್ಯ, ಒಂದು ದಿನ ತಡವಾಗಿ ಹೋದವರಲ್ಲ. ಶ್ವಾಸಕೋಶ ಕೆಟ್ಟ ಮೇಲೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ನನ್ನನ್ನು ಮೇಲೆ ಕಳಿಸಿ, ಕೆಳಗಿನ ಮೆಟ್ಟಿಲ ಮೇಲೆ ಪೇಪರು ಹಾಸಿಕೊಂಡು ಕೂರುತ್ತಿದ್ದರು. ಮೇಲಿನ ಮಾತು ಅರ್ಧ ಕೇಳಿಸುತ್ತಿತ್ತು, ಅರ್ಧ ರಸ್ತೆಯ ಗಲಾಟೆಯಲ್ಲಿ ಹೋಗುತ್ತಿತ್ತು. ಮುಗಿದ ಮೇಲೆ ನನ್ನನ್ನು ಕೇಳಿ ಉಳಿದರ್ಧ ತುಂಬಿಸಿಕೊಳ್ಳುತ್ತಿದ್ದರು. ಹಾಜರಿ ಪುಸ್ತಕ ಮಾತ್ರ ಮೇಲೆ ಇರುತ್ತಿತ್ತು.

ಹಾಗಾಗಿ ಇನ್ನೊಂದು ಸಲ ಕೇಳಿದೆ. "ಕೆಳಗಿನ ಮೆಟ್ಟಿಲ ಮೇಲೆ ಕೂತವರು ಸಭೆಗೆ ಬಂದ ಹಾಗೋ, ಬರದ ಹಾಗೋ? ಅದೊಂದು ಹೇಳಿಬಿಡಿ, ಕೂತ್ಕೋತೀನಿ."

ಇಬ್ಬರು ಹೆಂಗಸರು ನನ್ನ ತೋಳು ಹಿಡಿದು ಕೆಳಗೆ ಕರೆದುಕೊಂಡು ಬಂದರು. ಸಂಜೆ ತೀರ್ಪು ಬಂತು. ಎರಡು ತಿಂಗಳು ಮೆಟ್ಟಿಲ ಬುಡದಲ್ಲಿ ಬೆಂಚು ಹಾಕಿಕೊಂಡು ಕೂರಬೇಕು. ಏಪ್ರಿಲ್ ಮೊದಲ ಭಾನುವಾರ ಮೇಲೆ ಬಂದು ಎಲ್ಲರೆದುರು ತಪ್ಪಾಯಿತು ಎನ್ನಬೇಕು. ಅನ್ನದಿದ್ದರೆ ನನ್ನ ಹೆಸರನ್ನೂ ತೆಗೆಯುತ್ತಾರೆ.

ಅನ್ನುವುದಿಲ್ಲ. ಇದನ್ನು ನಿನಗೆ ಮೊದಲೇ ಹೇಳಿಬಿಡುತ್ತೇನೆ, ಬುದ್ಧಿ ಹೇಳಲು ಶ್ರಮಪಡಬೇಡ. ನನಗೆ ಬೇಕಾದದ್ದು ಒಂದೇ, ಅವರ ಹೆಸರು ಆ ಕೋಣೆಯಲ್ಲಿ ಒಂದು ಸಲ ಓದಬೇಕು.

ನಿನ್ನಿಂದ ಒಂದು ವಿಷಯ ಬೇಕು. ಆ ಬೋರ್ಡು ಬರೆದವನು ನೀನು. ನನಗೆ ಹನ್ನೊಂದು ವರ್ಷ, ನಿನ್ನ ಬಣ್ಣದ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ನಡುವೆ ಟರ್ಪೆಂಟೈನ್ ತರಲು ಅಂಗಡಿಗೆ ಓಡಿದ್ದು ನೆನಪಿದೆ, ಉಳಿದದ್ದು ನೆನಪಿಲ್ಲ. ಅದನ್ನು ಬರೆ ಎಂದವರು ಯಾರು? ದೊಡ್ಡವರೇ ಹೇಳಿದರೋ, ಬೇರೆ ಯಾರಾದರೂ ಹೇಳಿದರೋ?

ಇಂತಿ ನಿನ್ನ ಗಿಣಿ


ಫೆಬ್ರವರಿ ೧೯

ಚಿರಂಜೀವಿ ಗಿಣಿಗೆ ಅಣ್ಣನ ಆಶೀರ್ವಾದ.

ಕಾಗದ ತಲುಪಿತು. ಓದಿ ಬೇಜಾರಾಯಿತು. ಕೆಲಸ ಜಾಸ್ತಿ ಇದ್ದುದರಿಂದ ಉತ್ತರ ತಡವಾಯಿತು. ಇಲ್ಲಿ ಒಂದು ಔಷಧಿ ಅಂಗಡಿಯ ಹಳೆ ಬೋರ್ಡು ತಿದ್ದುತ್ತಿದ್ದೇನೆ. ಮೂವತ್ತು ವರ್ಷದ ಹಿಂದೆ ನಾನೇ ಬರೆದದ್ದು, ಎಲೆ ಹಸಿರಿನ ಮೇಲೆ ಕೆನೆ ಬಣ್ಣ. ಈಗ ಎಲ್ಲ ಕಡೆ ಮೆಷಿನ್ನಿನಲ್ಲಿ ಕತ್ತರಿಸಿದ ಅಕ್ಷರ ಅಂಟಿಸುತ್ತಾರೆ. ಈ ಅಂಗಡಿಯವರು ಮಾತ್ರ ಕೈಬರಹವೇ ಬೇಕು ಅಂತಾರೆ.

ನಿನ್ನ ದುಃಖ ನನಗೆ ಅರ್ಥವಾಗುತ್ತದೆ. ಭಾವ ಹೋಗಿ ಎರಡು ತಿಂಗಳಾಗಿದೆ ಅಷ್ಟೆ. ಈ ಹೊತ್ತಿನಲ್ಲಿ ಮನಸ್ಸು ಯಾವುದೋ ಒಂದನ್ನು ಹಿಡಿದು ಕೂರುತ್ತದೆ. ಒಂದು ಮಾತು ಅಂದುಬಿಟ್ಟರೆ ಮುಗಿದುಹೋಗುವ ವಿಷಯಕ್ಕೆ ಯಾಕೆ ಇಷ್ಟು ಹಟ? ನಾಲ್ಕು ಜನರ ನಡುವೆ ಬದುಕಬೇಕಾದವಳು ನೀನು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಬೋರ್ಡಿನ ವಿಷಯ ನೆನಪಿಲ್ಲ. ಸಾವಿರಾರು ಬರೆದಿದ್ದೇನೆ.

ಆರೋಗ್ಯ ನೋಡಿಕೋ. ಚಳಿಗೆ ಕಿವಿ ಮುಚ್ಚಿಕೊಂಡು ಕೆಲಸಕ್ಕೆ ಹೋಗು.

ನಿನ್ನ ಅಣ್ಣ


ಫೆಬ್ರವರಿ ೨೬

ಅಣ್ಣ,

ನಿನ್ನ ಬಂಗಾರ ನೀನೇ ಇಟ್ಟುಕೋ.

ಮೂವತ್ತು ವರ್ಷದ ಹಿಂದಿನ ಔಷಧಿ ಅಂಗಡಿಯ ಕೆನೆ ಬಣ್ಣ ನೆನಪಿದೆ. ಅದಕ್ಕೂ ನಾಲ್ಕು ವರ್ಷ ಮುಂಚೆ ಬರೆದ, ನಿನ್ನ ಜೀವನದ ಮೊದಲನೇ ಬೋರ್ಡು ನೆನಪಿಲ್ಲ. ಆಗ ಅಪ್ಪ ನಮ್ಮ ಬೀದಿಯಲ್ಲಿ ಯಾರನ್ನೂ ಬಿಡದೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದ್ದರು. ನೀನು ಯಾರದೋ ಮುಲಾಜಿಗೆ ಬಿದ್ದು ಸುಮ್ಮನಿದ್ದೀಯ ಎಂದು ನನಗೆ ಅನುಮಾನ. ಮೇಷ್ಟ್ರು ನಿನಗೂ ಪಾಠ ಹೇಳಿದವರು, ಅದಕ್ಕೆ ಇರಬೇಕು.

ಇನ್ನೊಂದು ಸಲ ನನ್ನ ಹಟವನ್ನು ದುಃಖ ಎಂದು ಕರೆಯಬೇಡ. ದುಃಖ ಬೇರೆ ಇದೆ. ಅದನ್ನು ನಾನು ಬೆಳಿಗ್ಗೆ ಎರಡು ಲೋಟಕ್ಕೆ ಕಾಫಿ ಬಗ್ಗಿಸುವಾಗ ನೋಡಿಕೊಳ್ಳುತ್ತೇನೆ. ಇದು ಲೆಕ್ಕ ತಪ್ಪಿದ್ದಕ್ಕೆ ಕೇಳುತ್ತಿರುವ ಪ್ರಶ್ನೆ.

ನನ್ನ ಕೆಲಸ ನಿನಗೆ ಗೊತ್ತಿದೆ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಹದಿನೆಂಟು ವರ್ಷದಿಂದ ಕೂತಿದ್ದೇನೆ. ದಿನಕ್ಕೆ ನಾನೂರು ಜನ ಕೇಳುತ್ತಾರೆ. ಯಾವ ಬಸ್ಸು, ಯಾವ ಪ್ಲಾಟ್‌ಫಾರಂ, ಹೋಗಿಬಿಟ್ಟಿತಾ, ಇನ್ನೂ ಇದೆಯಾ, ಪಾಯಿಖಾನೆ ಎಲ್ಲಿ. ಒಬ್ಬರು ಕೇಳಿದ್ದನ್ನೇ ಹಿಂದೆ ನಿಂತವರು ಮತ್ತೆ ಕೇಳುತ್ತಾರೆ. ಇದುವರೆಗೆ ಕೇಳಿದ್ದರಿಂದ ಯಾವ ಬಸ್ಸೂ ಕೆಟ್ಟು ನಿಂತಿಲ್ಲ.

ಬೆಂಚಿನ ಸಮಾಚಾರ ಕೇಳು. ಎದುರಿಗೆ ಸೈಕಲ್ ಅಂಗಡಿ, ಪಕ್ಕದಲ್ಲಿ ಎಲ್ಲರ ಚಪ್ಪಲಿ. ಮೇಲೆ ನೋಡಿದರೆ ಬಾಗಿಲಿನ ಸಂದಿಯಲ್ಲಿ ಕೋಣೆಯ ಸೂರು, ಅದರ ಕೆಳಗೆ ನಿನ್ನ ಬೋರ್ಡು, ಅಷ್ಟೇ ಕಾಣುವುದು. ಬೆಂಚಿಗೆ ಕೂತ ಮೊದಲನೇ ಭಾನುವಾರ ಸಭೆ ಮುಗಿದ ಮೇಲೆ ಮೇಷ್ಟ್ರು ತಾವೇ ಹಾಜರಿ ಪುಸ್ತಕ ಹಿಡಿದುಕೊಂಡು ಇಪ್ಪತ್ತೆರಡು ಮೆಟ್ಟಿಲು ಇಳಿದು ಬಂದರು. ನಾನು ಬೆಂಚಿನ ಮೇಲೆ ಇದ್ದೇನೆಯೇ ಎಂದು ನೋಡಿದರು. ನನ್ನ ಹೆಸರಿನ ಮುಂದೆ ಟಿಕ್ ಹಾಕಿದರು. ಶಿಕ್ಷೆ ತಪ್ಪಿಸಿಕೊಳ್ಳಬಾರದಲ್ಲ, ಅದಕ್ಕೆ ಹಾಜರಿ.

ನಾನು ತುಟಿ ಪಿಟಕ್ಕೆನ್ನಲಿಲ್ಲ. ಆದರೆ ನೋಡಿಕೊಂಡೆ. ಕೆಳಗೆ ಕೂತ ನನಗೆ ಹಾಜರಿ ಉಂಟು, ಅದೇ ಜಾಗದಲ್ಲಿ ಕೂತ ಅವರಿಗೆ ಇಲ್ಲ. ಜೀವಮಾನವಿಡೀ ಗಣಿತ ಹೇಳಿದವರಿಗೆ ಇದು ಹೊಳೆದಿಲ್ಲ. ಈಗಲೇ ಹೇಳಿದರೆ ನನಗೆ ಹಾಕುವುದನ್ನೂ ನಿಲ್ಲಿಸಿಬಿಡುತ್ತಾರೆ. ಹಾಕಲಿ, ಎಂಟು ಭಾನುವಾರವೂ ಅವರ ಕೈಯಿಂದಲೇ ಹಾಕಿಸಿಕೊಳ್ಳುತ್ತೇನೆ.

ಮೊನ್ನೆ ಮಂಗಳವಾರ ಅವರೇ ಮನೆಗೆ ಬಂದಿದ್ದರು. ಕೆಟ್ಟವರಲ್ಲ, ಅಣ್ಣ. ಕೂತು ನೀರು ಕುಡಿದರು. ನಿನ್ನ ಭಾವನ ಫೋಟೋಗೆ ಕೈ ಮುಗಿದರು.

"ನೋಡಮ್ಮಾ, ನೀನೊಬ್ಬಳು ಕೇಳಿದ್ರೆ ನಾಳೆ ಮೂವತ್ತು ಜನ ಕೇಳ್ತಾರೆ."

"ಕೇಳ್ಲಿ ಬಿಡಿ."

"ನಂಗೆ ಉತ್ರ ಗೊತ್ತಿಲ್ದೇ ಇದ್ರೆ?"

"ಗೊತ್ತಿಲ್ಲ ಅನ್ನಿ. ಕಿಟಕೀಲಿ ಕೂತು ನಾನು ದಿನಕ್ಕೆ ಹತ್ತು ಸಲ ಅಂತೀನಿ. ಜನ ಬೈತಾರೆ, ಆಮೇಲೆ ಹೋಗಿ ಇನ್ನೊಬ್ಬರನ್ನ ಕೇಳ್ಕೋತಾರೆ."

ಅವರು ನಗಲಿಲ್ಲ. "ದೊಡ್ಡವರು ಹಾಕಿಟ್ಟ ನಿಯಮ. ನಾನು ಮುರಿಯೋನಲ್ಲ," ಎಂದು ಎದ್ದು ಹೋದರು. ಹೆದರಿಕೆ ಇದೆ ಅವರಿಗೆ. ದೊಡ್ಡವರ ಕುರ್ಚಿಯಲ್ಲಿ ಕೂತು ಗೊತ್ತಿಲ್ಲ ಎನ್ನುವುದು ಹೇಗೆ ಎಂಬ ಹೆದರಿಕೆ. ಪಾಪ ಅನ್ನಿಸಿತು. ಪಾಪ ಅನ್ನಿಸಿದ ಮಾತ್ರಕ್ಕೆ ನಾನು ಬಿಡುವವಳಲ್ಲ.

ಮತ್ತೆ ಕೇಳುತ್ತೇನೆ. ಅದನ್ನು ಬರೆ ಎಂದವರು ಯಾರು, ಯಾಕೆ ಬರೆ ಎಂದರು?

ಗಿಣಿ


ಮಾರ್ಚ್ ೨೦

ಅಣ್ಣ,

ಮೂರು ವಾರ ಕಳೆದಿದೆ. ನಿನ್ನಿಂದ ಒಂದು ಸಾಲಿಲ್ಲ. ಫೋನ್ ಮಾಡಿದರೆ ಅತ್ತಿಗೆ ಎತ್ತಿ, "ಬೋರ್ಡಿನ ಕೆಲಸಕ್ಕೆ ಹೋಗಿದಾರೆ, ಚೆನ್ನಾಗಿದಾರೆ," ಎನ್ನುತ್ತಾರೆ. ಕೇಳಿದ ಪ್ರಶ್ನೆಗೆ ನೀನೂ ಗೋಡೆಯ ಕಡೆ ಬೆರಳು ತೋರಿಸುತ್ತಿದ್ದೀಯ ಅಂತಾಯಿತು.

ಇನ್ನು ಎರಡೇ ಭಾನುವಾರ ಉಳಿದಿದೆ. ಟೈಲರಜ್ಜಿ ನೆನಪಿದ್ದಾಳಲ್ಲ, ನಿನ್ನ ಮೊದಲ ಪ್ಯಾಂಟು ಹೊಲಿದವಳು. ಅವಳಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದ. ಕಳೆದ ವಾರ ಬೆಂಚಿನ ಹತ್ತಿರ ನಿಂತು, ಇಡೀ ಬೀದಿಗೆ ಕೇಳುವ ಹಾಗೆ ಗುಟ್ಟು ಹೇಳಿದಳು. "ನಂದೂ ಒಂದು ಪ್ರಶ್ನೆ ಇದೆ ಕಣೇ. ಇಪ್ಪತ್ತು ವರ್ಷದಿಂದ ಇಟ್ಕೊಂಡಿದೀನಿ." ಏನು ಎಂದರೆ ಹೇಳಲಿಲ್ಲ. ಬೋರ್ಡು ನೋಡಿ ಮೆಟ್ಟಿಲು ಹತ್ತಿಬಿಟ್ಟಳು.

ಇನ್ನೊಂದು ವಿಷಯ. ಹೇಳಬಾರದು ಎಂದುಕೊಂಡಿದ್ದೆ, ಈಗ ಹೇಳುತ್ತೇನೆ. ನಿನ್ನ ಭಾವ ಕೊನೆಯ ವಾರ ನಿನಗೆ ಒಂದು ಮಾತು ಹೇಳು ಎಂದು ನನಗೆ ಹೇಳಿಟ್ಟಿದ್ದಾರೆ. ನೀನು ಅವರನ್ನು ನೋಡಲು ಬರಲಿಲ್ಲ. ಹೋದ ಮೇಲೂ ಬರಲಿಲ್ಲ. ನನ್ನ ಎರಡು ಕಾಗದಕ್ಕೂ ಫೋನಿಗೂ ಸೇರಿಸಿ, ಅವರು ಹೇಗಿದ್ದರು, ಏನಂದರು ಎಂದು ನೀನು ಒಂದೇ ಒಂದು ಸಲ ಕೇಳಿಲ್ಲ. ಕೇಳಿದ ದಿನ ಹೇಳುತ್ತೇನೆ. ಕೇಳದಿದ್ದರೆ ಅದು ನನ್ನ ಹತ್ತಿರವೇ ಇರಲಿ.

ಗಿಣಿ


ಮಾರ್ಚ್ ೨೫

ಗಿಣಿ,

ಇದು ನಾಲ್ಕನೇ ಸಲ ಬರೆಯುತ್ತಿರುವುದು. ಮೂರು ಹರಿದುಹಾಕಿದೆ. ಇದನ್ನು ಮತ್ತೆ ಓದದೆ ಅಂಚೆಗೆ ಹಾಕುತ್ತೇನೆ, ಇಲ್ಲದಿದ್ದರೆ ಇದೂ ಹೋಗುತ್ತದೆ.

ಬೋರ್ಡು ನನಗೆ ಚೆನ್ನಾಗಿ ನೆನಪಿದೆ. ನೆನಪಿಲ್ಲದ ದಿನವೇ ಇಲ್ಲ.

ನೀನು ಚಿಕ್ಕವಳು, ನಿನಗೆ ಗೊತ್ತಿರಲಾರದು. ದೊಡ್ಡವರ ಕಾಲದಲ್ಲಿ ಸಭೆ ಅಂದರೆ ಪ್ರಶ್ನೆಯೇ. ಅವರು ಕಾಲು ಗಂಟೆ ಮಾತಾಡಿ, "ಈಗ ನೀವು ಹೇಳಿ," ಅನ್ನುತ್ತಿದ್ದರು. ಆಮೇಲೆ ಎರಡು ಗಂಟೆ ಒಬ್ಬೊಬ್ಬರಿಗೂ ಉತ್ತರ. ಆ ವರ್ಷ ಅವರ ಗಂಟಲು ಕೂತುಹೋಯಿತು. ಡಾಕ್ಟರು ಹೆಚ್ಚು ಮಾತಾಡಬೇಡಿ ಅಂದರು. ಜನ ಕೇಳಿದರೆ ಉತ್ತರ ಕೊಡದೆ ಇರಲು ಅವರಿಂದ ಆಗುತ್ತಿರಲಿಲ್ಲ. ಆಗ ನನ್ನನ್ನು ಕರೆದು ಚೀಟಿಯಲ್ಲಿ ಎರಡು ಸಾಲು ಬರೆದುಕೊಟ್ಟರು. ಎರಡು ಸಾಲು, ಗಿಣಿ. ಮೊದಲನೆಯದು ಈಗ ಇರುವುದು. ಎರಡನೆಯದು, "ನನ್ನ ಗಂಟಲು ವಾಸಿಯಾಗುವವರೆಗೆ."

ನನಗೆ ಹತ್ತೊಂಬತ್ತು ವರ್ಷ. ಮೊದಲ ಕೆಲಸ. ಅಕ್ಷರ ದೂರಕ್ಕೆ ಕಾಣಬೇಕು, ಊರೆಲ್ಲ ನನ್ನ ಕೈ ನೋಡಬೇಕು ಅಂತ ಆಸೆ. ಅಳತೆ ಹಾಕದೆ ಮೊದಲ ಸಾಲನ್ನೇ ಅಷ್ಟು ದೊಡ್ಡದಾಗಿ ಬರೆದೆ. ಆಮೇಲೆ ನೋಡಿದರೆ ಕೆಳಗೆ ಎರಡು ಬೆರಳು ಜಾಗ. ಅದರಲ್ಲೇ ಎರಡನೇ ಸಾಲನ್ನು ಸಣ್ಣದಾಗಿ ಪೆನ್ಸಿಲ್ಲಿನಲ್ಲಿ ಹಾಕಿಕೊಂಡೆ. ಅಷ್ಟರಲ್ಲಿ ಬಡಗಿ ಬೋರ್ಡಿನ ಸುತ್ತ ಕೂರಿಸುವ ಮರದ ಕಟ್ಟು ತಂದ. ಕೆಳಪಟ್ಟಿ ಕೂರಿಸಲು ಆ ಎರಡು ಬೆರಳು ಜಾಗ ಬೇಕೇ ಬೇಕು ಅಂದ. ಪೂರ್ತಿ ಅಳಿಸಿ ಹೊಸದಾಗಿ ಬರೆಯಬೇಕಿತ್ತು. ನನಗೆ ಮನಸ್ಸು ಬರಲಿಲ್ಲ, ಅಷ್ಟು ಚೆನ್ನಾಗಿ ಬಂದಿತ್ತು ಆ ನೀಲಿ.

ದೊಡ್ಡವರಿಗೆ ಹೋಗಿ ಹೇಳಿದೆ. ಅವರು ನಕ್ಕರು. "ಇರ್ಲಿ ಬಿಡಪ್ಪಾ, ಎಷ್ಟು ದಿನದ ಮಾತು. ಗಂಟಲು ಸರಿಹೋದ ದಿನ ನೀನೇ ಬಂದು ಅಳಿಸಿಬಿಡು," ಎಂದು ಪಿಸುದನಿಯಲ್ಲಿ ಹೇಳಿದರು. ಅಳಿಸುತ್ತೇನೆ ಎಂದು ಮಾತು ಕೊಟ್ಟೆ. ಮುಂದಿನ ತಿಂಗಳು ನನಗೆ ಇಲ್ಲಿ ಕೆಲಸ ಸಿಕ್ಕಿತು. ನಾಲ್ಕನೇ ತಿಂಗಳು ಅವರು ತೀರಿಕೊಂಡರು. ಗಂಟಲು ಸರಿಹೋಗಲೇ ಇಲ್ಲ.

ಯಾರೋ ತೆಗೆದುಹಾಕಿರುತ್ತಾರೆ ಎಂದುಕೊಂಡಿದ್ದೆ. ನಿನ್ನ ಮದುವೆಗೆ ಬಂದಾಗ ನೋಡಿದೆ, ಜನ ಅದಕ್ಕೆ ಕೈ ಮುಗಿದು ಕೂರುತ್ತಿದ್ದರು. ನನ್ನ ಬೆನ್ನು ತಟ್ಟಿ, "ದೊಡ್ಡವರ ಕೊನೇ ಮಾತು ನಿನ್ನ ಕೈಯಲ್ಲಿ ಬರೆಸಿದ್ರು ನೋಡು," ಅಂದರು. ಆಗ ಬಾಯಿ ಬಿಡಬೇಕಿತ್ತು. ಎಂಬತ್ತು ಜನರೆದುರು ನಾನು ಅಳತೆ ತಪ್ಪಿದವನು ಎನ್ನಲು ನಾಚಿಕೆಯಾಯಿತು. ಒಂದು ವರ್ಷ ಸುಮ್ಮನಿದ್ದರೆ ಎರಡನೇ ವರ್ಷ ಹೇಳುವುದು ಇನ್ನೂ ಕಷ್ಟ. ಹೀಗೇ ಮೂವತ್ತನಾಲ್ಕು ವರ್ಷವಾಯಿತು. ನನ್ನ ಬಾಯಿ ಮುಚ್ಚಿದ್ದು ಯಾರ ಮುಲಾಜೂ ಅಲ್ಲ.

ಭಾವ ಹೋದಾಗ ಬರದೇ ಇದ್ದದ್ದೂ ಇದಕ್ಕೇ. ಅವರ ಸಂತಾಪ ಸಭೆ ಆ ಕೋಣೆಯಲ್ಲೇ ಇಡುತ್ತಾರೆ, ಆ ಬೋರ್ಡಿನ ಕೆಳಗೆ ಕೂರಬೇಕು ಎಂದುಕೊಂಡೆ. ಜ್ವರ ಅಂತ ಸುಳ್ಳು ಹೇಳಿದೆ. ಅವರಿಗೆ ಅಲ್ಲಿ ಹೆಸರೂ ಇಲ್ಲ ಎಂದು ನನಗೆ ಗೊತ್ತಿರಲಿಲ್ಲ. ನಿನಗೆ ಮುಖ ತೋರಿಸಲು ನನಗೆ ಯೋಗ್ಯತೆ ಇಲ್ಲ.

ಈ ಕಾಗದವನ್ನು ಏನು ಬೇಕಾದರೂ ಮಾಡು. ಆ ಪೆನ್ಸಿಲ್ ಸಾಲನ್ನು ನಾನು ಅಳಿಸಿರಲಿಲ್ಲ. ಕಟ್ಟಿನ ಕೆಳಪಟ್ಟಿಗೆ ನಾಲ್ಕು ಸ್ಕ್ರೂ ಇವೆ. ಬಿಚ್ಚಿದರೆ ಇದ್ದರೂ ಇರಬಹುದು, ಹೋಗಿದ್ದರೂ ಹೋಗಿರಬಹುದು.

ಅಣ್ಣ


ಮಾರ್ಚ್ ೩೦

ಅಣ್ಣ,

ಎರಡು ದಿನ ನಿನ್ನ ಮೇಲೆ ಕೋಪ ಬಂದು ಅನ್ನ ಸೇರಲಿಲ್ಲ. ಮೂವತ್ತನಾಲ್ಕು ವರ್ಷ, ಎಂಬತ್ತು ಜನ, ನಿನ್ನ ಎರಡು ಬೆರಳು ಜಾಗಕ್ಕೆ ಬಾಯಿ ಮುಚ್ಚಿಕೊಂಡು ಕೂತರು. ಮೂರನೇ ದಿನ ಕೋಪ ಇಳಿಯಿತು. ಹತ್ತೊಂಬತ್ತು ವರ್ಷದವನು ತಪ್ಪು ಮಾಡಿದ, ಸರಿ. ಐವತ್ತಮೂರರವನು ಒಪ್ಪಿಕೊಂಡ, ಅದೂ ಸರಿ. ಈಗ ಆಗಬೇಕಾದದ್ದನ್ನು ನೋಡೋಣ.

ಕಾಗದವನ್ನು ಮೇಷ್ಟ್ರಿಗೆ ಓದಲು ಕೊಟ್ಟೆ. ಎರಡು ಸಲ ಓದಿದರು. ಆಮೇಲೆ ಮಡಚಿ ವಾಪಸ್ ಕೊಟ್ಟು, "ಕಾಗದ ಯಾರು ಬೇಕಾದ್ರೂ ಬರೀಬಹುದಮ್ಮಾ. ಅಣ್ಣ ತಂಗಿ ಸೇರಿ ಬರೆದಿದ್ದು ಅಂದ್ರೆ ನಾನೇನು ಹೇಳ್ಲಿ?" ಎಂದರು. ಅವರ ಮಾತಿನಲ್ಲೂ ನ್ಯಾಯ ಇದೆ.

ಹಾಗಾಗಿ ಕದ್ದು ಹೋಗಿ ಕಟ್ಟಿನ ಕೆಳಪಟ್ಟಿ ಬಿಚ್ಚುವುದಿಲ್ಲ. ಬಿಚ್ಚಿದರೆ ನಾನೇ ಒಳಗೆ ಗೀಚಿಟ್ಟೆ ಅಂತಾರೆ. ಭಾನುವಾರ ಎಲ್ಲರ ಕಣ್ಣೆದುರೇ ಬಿಚ್ಚುತ್ತೇನೆ. ಏನೂ ಇಲ್ಲದಿದ್ದರೆ ನನ್ನ ಹೆಸರು ಹೋಗುತ್ತದೆ, ನಮ್ಮನೆಯವರದ್ದು ಬರುವುದೇ ಇಲ್ಲ. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ.

ನೀನು ಬಾ. ಬಂದು ನನ್ನ ಪಕ್ಕ ನಿಲ್ಲು. ಮಾತಾಡಬೇಡ, ನಿಂತರೆ ಸಾಕು.

ಗಿಣಿ


ಏಪ್ರಿಲ್ ೬

ಅಣ್ಣ,

ನೀನು ಬರಲಿಲ್ಲ. ಬೆಳಿಗ್ಗೆಯ ಎರಡು ಬಸ್ಸನ್ನೂ ನಿಂತು ನೋಡಿದೆ. ಅದನ್ನು ಆಮೇಲೆ ಮಾತಾಡೋಣ.

ಹೆಸರು ಓದುವ ಮುಂಚೆ ನನ್ನನ್ನು ಮೇಲೆ ಕರೆದರು. ತಪ್ಪಾಯಿತು ಅಂತೀನಿ ಎಂದು ಎಲ್ಲರೂ ಕಿವಿ ನಿಮಿರಿಸಿ ಕೂತಿದ್ದರು. ನಾನು ಮೂಲೆಯಲ್ಲಿದ್ದ ಎತ್ತರದ ಸ್ಟೂಲು ಎಳೆದು, ಬೋರ್ಡಿನ ಕೆಳಗೆ ಇಟ್ಟು, ಹತ್ತಿದೆ. ಬ್ಯಾಗಿನಿಂದ ನಿನ್ನ ಭಾವನ ಸ್ಕ್ರೂಡ್ರೈವರ್ ತೆಗೆದೆ.

"ಏನ್ಮಾಡ್ತಿದೀಯಮ್ಮಾ?" ಎಂದರು ಮೇಷ್ಟ್ರು.

"ಸಭೆ ನಡೀತಿದೆ ಮೇಷ್ಟ್ರೇ, ಪ್ರಶ್ನೆ ಕೇಳಬಾರದು," ಎಂದೆ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇಬ್ಬರು ಗಂಡಸರು ನನ್ನನ್ನು ಇಳಿಸಲು ಎದ್ದರು. ಮೇಷ್ಟ್ರು ಕೈ ಎತ್ತಿ ಅವರನ್ನು ಕೂರಿಸಿದರು. ಯಾಕೆ ಕೂರಿಸಿದರೋ ನನಗೆ ಗೊತ್ತಿಲ್ಲ. ನಿನ್ನ ಕಾಗದ ಓದಿದ ಮೇಲೆ ಅವರಿಗೂ ನಿದ್ದೆ ಬಂದಿರಲಿಕ್ಕಿಲ್ಲ.

ಮೂರು ಸ್ಕ್ರೂ ಬಂದವು. ನಾಲ್ಕನೆಯದು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸ್ಟೂಲು ಬೇರೆ ಓಲಾಡುತ್ತಿತ್ತು. ಕೆಳಗೆ ನೋಡಿದರೆ ಮೇಷ್ಟ್ರು ಬಗ್ಗಿ ಎರಡೂ ಕೈಯಲ್ಲಿ ಸ್ಟೂಲು ಹಿಡಿದುಕೊಂಡಿದ್ದಾರೆ. ಆ ಒಂದು ಸ್ಕ್ರೂಗೆ ಕೋಪ ಸಂಕಟ ಎಲ್ಲ ಹಾಕಿ ತಿರುಗಿಸಿದೆ. ಪಟ್ಟಿ ಕಿತ್ತು ಬಂತು. ಧೂಳು ಕಣ್ಣಿಗೆ ಬಿತ್ತು, ನನಗೆ ಏನೂ ಕಾಣಲಿಲ್ಲ. ಇಳಿದು ಸ್ಟೂಲು ಬಿಟ್ಟುಕೊಟ್ಟೆ. ಎಪ್ಪತ್ತು ವರ್ಷದ ಮೇಷ್ಟ್ರು ಹತ್ತಿದರು, ಕನ್ನಡಕ ಹಾಕಿಕೊಂಡರು, ತಮ್ಮ ಕರವಸ್ತ್ರದಿಂದ ಮೆಲ್ಲಗೆ ಒರೆಸಿದರು.

ಇತ್ತು ಅಣ್ಣ. ಸಣ್ಣ ಅಕ್ಷರ, ನಿನ್ನದೇ ಕೈ.

ಮೇಷ್ಟ್ರು ಓದಿದರು. "ನನ್ನ ಗಂಟಲು ವಾಸಿಯಾಗುವವರೆಗೆ." ಓದಿ ಕೆಳಗಿಳಿದು ಅದೇ ಸ್ಟೂಲಿನ ಮೇಲೆ ಕೂತುಬಿಟ್ಟರು. "ಆ ನಾಲ್ಕು ತಿಂಗಳು ದಿನಾ ಬಿಸಿನೀರು ಕಾಯಿಸಿ ಕೊಡ್ತಿದ್ದವನು ನಾನು," ಎಂದರು, ನಮಗಲ್ಲ, ತಮಗೆ ತಾವೇ.

ಆಗ ಹಿಂದಿನಿಂದ ಟೈಲರಜ್ಜಿ ಕೂಗಿದಳು. "ಏನಂತೆ? ನಂಗೆ ಕೇಳಿಸ್ಲಿಲ್ಲ, ಏನಂತೆ ಅದು?"

ಮೂವತ್ತನಾಲ್ಕು ವರ್ಷದಲ್ಲಿ ಆ ಕೋಣೆಯಲ್ಲಿ ಉತ್ತರ ಸಿಕ್ಕ ಮೊದಲ ಪ್ರಶ್ನೆ ಅದು. ಮೇಷ್ಟ್ರು ಎದ್ದು ನಿಂತು, ಕ್ಲಾಸಿನಲ್ಲಿ ಹೇಳುವ ಹಾಗೆ ಜೋರಾಗಿ ಇನ್ನೊಂದು ಸಲ ಓದಿದರು.

ಆಮೇಲೆ ನಾನು ನನ್ನದನ್ನು ಕೇಳಿದೆ. ಕೆಳಗಿನ ಮೆಟ್ಟಿಲ ಮೇಲೆ ಕೂತವರು ಬಂದ ಹಾಗೋ, ಬರದ ಹಾಗೋ. ಅವರು ಕನ್ನಡಕ ತೆಗೆದು, "ಗೊತ್ತಿಲ್ಲಮ್ಮಾ," ಎಂದರು. ನಿಜವಾಗಿ ಹಾಗೇ ಎಂದರು. ಹಾಜರಿ ಪುಸ್ತಕ ತೆರೆಯಿರಿ ಎಂದೆ. ಎಂಟು ಭಾನುವಾರ, ಎಂಟು ಟಿಕ್, ಎಲ್ಲ ಅವರದೇ ಕೈ. ಅವರು ಆ ಪುಟವನ್ನು ನೋಡಿದರು, ಬಾಗಿಲಾಚೆ ಮೆಟ್ಟಿಲ ಕಡೆ ನೋಡಿದರು. ಲೆಕ್ಕ ಗೊತ್ತಿರುವ ಮನುಷ್ಯ, ಮೇಲೆ ಮಾತು ಬೇಕಾಗಲಿಲ್ಲ. ಪೆನ್ನು ತೆಗೆದು ತೀರಿಹೋದವರ ಪಟ್ಟಿಯ ಕೊನೆಗೆ ನಿನ್ನ ಭಾವನ ಹೆಸರು ಬರೆದರು. ಆಮೇಲೆ ಮೊದಲಿನಿಂದ ಓದುತ್ತಾ ಬಂದು ಅವರ ಹೆಸರನ್ನೂ ಓದಿದರು. ನಾನು ಅತ್ತೆ. ಅಳಬಾರದು ಎಂದುಕೊಂಡಿದ್ದೆ, ಅತ್ತುಬಿಟ್ಟೆ.

ಎಲ್ಲರಿಗೂ ಖುಷಿಯಾಗಿಲ್ಲ. ಎರಡು ಮನೆಯವರು ಅರ್ಧಕ್ಕೇ ಎದ್ದು ಹೋದರು. ಇನ್ನು ಬರುವುದಿಲ್ಲವಂತೆ. ಅಜ್ಜಿ ತನ್ನ ಇಪ್ಪತ್ತು ವರ್ಷದ ಪ್ರಶ್ನೆಯನ್ನು ಕೇಳಿದಳು. ಅದಕ್ಕೆ ಮೇಷ್ಟ್ರು, "ಮುಂದಿನ ವಾರ ಓದ್ಕೊಂಡು ಬರ್ತೀನಿ," ಎಂದಿದ್ದಾರೆ.

ಬೋರ್ಡು ಇಳಿಸಿದ್ದೇವೆ. ಒಡೆದು ಒಲೆಗೆ ಹಾಕೋಣ ಎಂದ ಒಬ್ಬ. ಬೇಡ ಎಂದೆ. ಗೋಣಿ ಸುತ್ತಿ, ಇವತ್ತು ನಮ್ಮ ನಿಲ್ದಾಣದಿಂದಲೇ ಬಸ್ಸಿನ ಪಾರ್ಸಲ್ಲಿನಲ್ಲಿ ನಿನಗೆ ಕಳಿಸಿದ್ದೇನೆ. ಮಾತು ಕೊಟ್ಟವನು ನೀನು, ಅಳಿಸುವವನೂ ನೀನೇ.

ಗಿಣಿ


ಏಪ್ರಿಲ್ ೧೯

ಗಿಣಿ,

ಬೋರ್ಡು ಬಂದು ಹತ್ತು ದಿನವಾಯಿತು. ಎಂಟು ದಿನ ಗೋಣಿ ಬಿಚ್ಚಲಿಲ್ಲ. ಮೊನ್ನೆ ಬಿಚ್ಚಿದೆ. ನಿನ್ನೆ ಬಟ್ಟೆ, ಟರ್ಪೆಂಟೈನ್ ಸಾಲದೆ ಕೊನೆಗೆ ಉಜ್ಜುಕಾಗದ ಹಿಡಿದುಕೊಂಡು ಕೂತು ಒಂದೊಂದೇ ಅಕ್ಷರ ತೆಗೆದೆ. ಗಟ್ಟಿ ಬಣ್ಣ, ಸುಲಭಕ್ಕೆ ಬಿಡಲಿಲ್ಲ. ನಿನ್ನ ಅತ್ತಿಗೆ ಬಂದು ಯಾಕೆ ಅಳುತ್ತಿದ್ದೀರಿ ಎಂದಳು. ಅವಳಿಗೂ ಎಲ್ಲ ಹೇಳಿದೆ. ನೀಲಿ ಪೂರ್ತಿ ಹೋಗಿದೆ. ಪೆನ್ಸಿಲ್ ಸಾಲು ಹಾಗೇ ಬಿಟ್ಟಿದ್ದೇನೆ.

ಆ ಭಾನುವಾರಕ್ಕೆಂದು ನಾನು ಶನಿವಾರ ರಾತ್ರಿಯೇ ಬಸ್ಸು ಹತ್ತಿದ್ದೆ. ಎರಡನೇ ನಿಲ್ದಾಣದಲ್ಲಿ ಇಳಿದು ವಾಪಸ್ ಬಂದೆ. ಇದನ್ನೂ ಹೇಳಿಬಿಡಬೇಕು ಅನ್ನಿಸಿತು.

ಈಗ ಕೇಳುತ್ತೇನೆ. ಭಾವ ಕೊನೆಯಲ್ಲಿ ಹೇಗಿದ್ದರು? ತುಂಬಾ ನೋವಿತ್ತಾ? ನನಗೆ ಏನು ಹೇಳು ಎಂದರು? ಬೈದಿದ್ದರೆ ಬೈದ ಹಾಗೇ ಬರೆ.

ಮೇ ಮೊದಲ ಭಾನುವಾರ ಹೆಸರು ಓದುವಾಗ ನಾನು ಅಲ್ಲಿರುತ್ತೇನೆ. ಶನಿವಾರ ಬೆಳಿಗ್ಗೆ ಇಲ್ಲಿಂದ ಹೊರಡುವ ಬಸ್ಸು ಅಲ್ಲಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ?

ಅಣ್ಣ


ಏಪ್ರಿಲ್ ೨೩

ಅಣ್ಣ,

ನಾಲ್ಕು ಪ್ರಶ್ನೆಯನ್ನೂ ಒಟ್ಟಿಗೆ ಕೇಳಿದ್ದೀಯ. ಇರಲಿ, ಒಂದೊಂದಕ್ಕೇ ಬರೆಯುತ್ತೇನೆ.

ನಿನ್ನ ಬಸ್ಸು ಸಂಜೆ ನಾಲ್ಕೂವರೆಗೆ ಮೂರನೇ ಪ್ಲಾಟ್‌ಫಾರಂಗೆ ಬರುತ್ತದೆ. ನಾನು ಕಿಟಕಿಯಲ್ಲೇ ಇರುತ್ತೇನೆ.

ನೋವಿತ್ತು. ಉಸಿರಿಗೆ ಒದ್ದಾಡುತ್ತಿದ್ದರು. ಆದರೆ ಕೊನೆಯ ಭಾನುವಾರದವರೆಗೂ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗು ಎಂದು ಹಟ ಮಾಡಿದರು. ಹಟದಲ್ಲಿ ನನಗಿಂತ ಅವರೇನೂ ಕಡಿಮೆ ಇರಲಿಲ್ಲ.

ನಿನ್ನನ್ನು ಬೈಯಲಿಲ್ಲ. ಆ ದಿನ ಮನೆಗೆ ಬರುವಾಗ ಅವರು ಹೇಳಿದ್ದು ಇಷ್ಟು, ಅವರ ಮಾತಿನಲ್ಲೇ ಬರೆಯುತ್ತೇನೆ. "ಕೆಳಗೆ ಕೂತ್ರೆ ನಂಗೆ ಯಾರ ಮುಖಾನೂ ಕಾಣಲ್ಲ. ನಿಮ್ಮಣ್ಣನ ಅಕ್ಷರ ಒಂದು ಕಾಣುತ್ತೆ. ಅದನ್ನ ನೋಡ್ತಾ ಕೂತ್ರೆ ಮೇಲೇ ಇದ್ದೀನಿ ಅನ್ಸುತ್ತೆ. ಅಷ್ಟು ದೊಡ್ಡದಾಗಿ ಬರೆದಿದ್ದು ಒಳ್ಳೇದಾಯ್ತು ಅಂತ ಅವನಿಗೆ ಹೇಳು."

ನಿನ್ನ ಗಿಣಿ